ಹಿಮ್ಮೇಳ ಸೇರದ ಹಾಡು

ಹೆದರಿಕೊಂಡು ನಡೆಯುವವರಿಗೆ ದಾರಿ ಸವೆಯುವುದೇ ಇಲ್ಲ. ಬಸ್ಸಿಳಿದು ಹೊಳೆದಂಡೆಯ ಆಶ್ರಮ ಮುಟ್ಟುವುದು ಭುವನಾಗೆ ಎಷ್ಟರ ಮಾತು? ಸಣ್ಣವಳಿದ್ದಾಗ ಲಂಗ ಎತ್ತಿ ಹಿಡಿದು ಒಂದೇ ಓಟಕ್ಕೆ ಬರುತ್ತಿದ್ದ ದಾರಿ. ಅವತ್ತು ಮಾತ್ರ ಅಲ್ಲಲ್ಲಿ ನಿಂತಳು. ತಿರುಗಿ ಹೋಗಿಬಿಡಲೇ ಎಂದುಕೊಂಡಳು. ಬಂದ ಬಸ್ಸು ಆಗಲೇ ಹೊರಟುಹೋಗಿತ್ತು, ಅದೊಂದೇ ಕಾರಣಕ್ಕೆ ಮುಂದೆ ನಡೆದಳು.

ಆಶ್ರಮ ಅಂದರೆ ದೊಡ್ಡದೇನಲ್ಲ. ಹೊಳೆಗಿಳಿಯುವ ಮೆಟ್ಟಿಲು, ಒಂದು ಬೇವಿನ ಮರ, ಒಂದು ಹಜಾರ. ಹಜಾರದಲ್ಲಿ ನಿರುಪಾದಜ್ಜ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸುತ್ತಲಿನವರಿಗೆಲ್ಲ ಅವರು ಅಜ್ಜಾರು. ಭುವನಾಗೆ ಮೊದಲ ಸಲ ‘ಸಾ’ ಹೇಳಿಕೊಟ್ಟ ಗುರುಗಳು.

ಆಮೇಲೆ ಆಕೆ ಗಿಟಾರು ಹಿಡಿದಳು, ಬೆಂಗಳೂರು ಸೇರಿದಳು, ಡ್ರಮ್ಮು ಬಾರಿಸುವ ಹುಡುಗರ ಜೊತೆ ಕೂಡಿ ರಾಕ್ ಹಾಡತೊಡಗಿದಳು. ಊರಿನವರು ಮೂಗು ಮುರಿದರು. ಅಜ್ಜಾರು ಮುರಿಯಲಿಲ್ಲ. ಅದಕ್ಕೂ ತಂತಿ ಅದಾವಲ್ಲ, ಶ್ರುತಿ ಮಾಡ್ಕೊಂಡು ಹಾಡು ಎಂದು ಬೆನ್ನು ತಟ್ಟಿ ಕಳಿಸಿದ್ದರು.

ಅಂಥ ಗುರುವಿನ ಮುಂದೆ ನಿಲ್ಲಲು ಹೆದರಿಕೆ ಯಾಕೆ ಅಂತೀರಾ? ಆಕೆಗೆ ಗುರುವಿನ ಹೆದರಿಕೆ ಅಲ್ಲ. ಅಲ್ಲಿಗೆ ಬಂದರೆ ಬಾಯಿ ತೆರೆದು ಹಾಡಬೇಕಾಗುತ್ತದಲ್ಲ, ಅದರ ಹೆದರಿಕೆ.

ಸಂಗತಿ ಇಷ್ಟು. ಭುವನಾಳ ಮೊದಲ ಆಲ್ಬಂ ಸಿದ್ಧವಾಗಿತ್ತು. ಹೆಸರು ‘ಮೂರನೇ ಮಹಡಿ’. ಬರುವ ತಿಂಗಳು ಬಿಡುಗಡೆ. ಬಿಡುಗಡೆಯ ಸಂಜೆ ಬೆಂಗಳೂರಿನ ಒಂದು ಬಯಲಿನಲ್ಲಿ, ಸಾವಿರಾರು ಜನರ ಮುಂದೆ, ಆಕೆ ಅಷ್ಟೂ ಹಾಡು ಹಾಡಬೇಕು. ಗೋಡೆಗಳ ಮೇಲೆ ಆಗಲೇ ಅವಳ ಮುಖ ಅಂಟಿಸಿದ್ದರು. ರೆಕಾರ್ಡಿಂಗ್ ಕೇಳಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟು, ಹುಡುಗಿ ಅಂದರೆ ಹಿಂಗಿರಬೇಕು, ಎಂಥ ದನಿ ಎಂದು ಹೊಗಳಿದ್ದರು.

ಆದರೆ ಆ ಹಾಡುಗಳನ್ನು ಭುವನಾಗೇ ಹಾಡಲು ಬರುತ್ತಿರಲಿಲ್ಲ.

ತಾಲೀಮಿನ ದಿನ ರೆಕಾರ್ಡಿಂಗ್ ಹಚ್ಚಿ ಅದರ ಜೊತೆಗೇ ಹಾಡುತ್ತ ಹೋದಳು. ಎರಡನೇ ಚರಣಕ್ಕೆ ಕಣ್ಣು ಕತ್ತಲೆ ಬಂದು ಮೈಕಿನ ಕಂಬ ಹಿಡಿದು ಕುಸಿದಳು. ಡಾಕ್ಟರು ಗಂಟಲು ನೋಡಿ, ಏನೂ ಆಗಿಲ್ಲಮ್ಮ, ಭಯ ಅಷ್ಟೇ ಎಂದರು. ಭಯ ಅಷ್ಟೇ ಅಂತೆ. ಆ ‘ಅಷ್ಟೇ’ ಎಷ್ಟಿರುತ್ತದೆ ಅನ್ನುವುದು ಪಟ್ಟವರಿಗೇ ಗೊತ್ತು.

ಅವತ್ತಿನಿಂದ ಅದು ಬೆಳೆಯುತ್ತಲೇ ಹೋಯಿತು. ಸ್ನಾನ ಮಾಡುವಾಗ ಗುನುಗುವುದೂ ನಿಂತಿತು. ಬೀದಿಯಲ್ಲಿ ಯಾರದೋ ಫೋನಿನಲ್ಲಿ ತನ್ನ ದನಿ ಕೇಳಿದರೆ ಬೀದಿಯ ಆ ಬದಿಗೆ ದಾಟಿಬಿಡುತ್ತಿದ್ದಳು. ಆ ರೆಕಾರ್ಡಿಂಗಿನೊಳಗಿನ ಹುಡುಗಿ ತನಗಿಂತ ಚೆನ್ನಾಗಿ ಹಾಡುತ್ತಾಳೆ, ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಯೋಚನೆ.

ಆಲ್ಬಂ ಮಾಡಿಸುತ್ತಿದ್ದ ಜಯಕರ್ ಕೆಟ್ಟ ಮನುಷ್ಯನಲ್ಲ. ಒಂದು ಉಪಾಯ ಹೇಳಿದ. ವೇದಿಕೆಯ ಮೇಲೆ ರೆಕಾರ್ಡಿಂಗನ್ನೇ ಹಚ್ಚಿಬಿಡೋಣ, ನೀನು ತುಟಿ ಆಡಿಸು, ಕುಣಿ, ಕೈ ಬೀಸು, ಸಾಕು. ಯಾರಿಗೂ ಗೊತ್ತಾಗಲ್ಲ. ದೊಡ್ಡದೊಡ್ಡವರೇ ಮಾಡುತ್ತಾರೆ. ನಾಡಿದ್ದು ಬೆಳಗ್ಗೆಯೊಳಗೆ ಹೂಂ ಅಥವಾ ಉಹೂಂ ಹೇಳು, ಆಲ್ಬಂ ಬಿಡುಗಡೆ ಮಾಡುವವರ ಕೈಗೆ ಕೊಡಬೇಕು, ಸೌಂಡಿನವರಿಗೂ ತಿಳಿಸಬೇಕು ಎಂದ.

ಹೂಂ ಅಂದರೆ ಅವತ್ತಿನ ಮಟ್ಟಿಗೆ ಮಾನ ಉಳಿಯುತ್ತದೆ. ಆದರೆ ಒಂದು ಸಲ ತುಟಿ ಆಡಿಸಿದ ಮೇಲೆ ತಾನು ಇನ್ನೆಂದೂ ನಿಜವಾಗಿ ಬಾಯಿ ತೆರೆಯಲಾರೆ ಅನ್ನುವುದು ಭುವನಾಗೆ ಒಳಗೊಳಗೇ ಗೊತ್ತಿತ್ತು. ಉಹೂಂ ಅಂದರೆ ಸಾವಿರಾರು ಜನರ ಮುಂದೆ ಕುಸಿದು ಬೀಳುವುದು. ಅತ್ತ ದರಿ, ಇತ್ತ ಪುಲಿ. ಅದಕ್ಕೇ ಬಸ್ಸು ಹತ್ತಿ ಗುರುವಿನ ಹತ್ತಿರ ಬಂದಿದ್ದಳು.

ಅಜ್ಜಾರು ಎಲ್ಲ ಕೇಳಿದರು. ಅವರೆಕಾಯಿ ಸುಲಿಯುವುದನ್ನೇನೂ ನಿಲ್ಲಿಸಲಿಲ್ಲ.

“ಅಜ್ಜಾರ, ನನಗ ಉಸಿರು ಕಟ್ಟೂ ವಿದ್ಯಾ ಕಲಿಸ್ರಿ,” ಎಂದಳು ಭುವನಾ. “ಯೋಗಿಗಳು ಕಟ್ಟತಾರಲ್ರಿ, ಹಂಗ. ಇವತ್ತ ಒಂದ ದಿನದಾಗ.”

ಅಜ್ಜಾರು ಕೈ ಒರೆಸಿಕೊಂಡು, ಮೊದಲು ಆ ಹಾಡು ಕೇಳಿಸು ಎಂದರು.

ಆಕೆ ಫೋನು ತೆಗೆದು ಇಯರ್‌ಫೋನು ಕೊಟ್ಟಳು. ಅವರು ಅದನ್ನು ಉಲ್ಟಾ ಸಿಕ್ಕಿಸಿಕೊಂಡರು, ಆಕೆ ಸರಿಮಾಡಿದಳು. ಅಜ್ಜಾರು ಕಣ್ಣು ಮುಚ್ಚಿದರು. ಒಂದೊಂದೇ ಹಾಡು ಮುಗಿಯುತ್ತಿತ್ತು, ಅವರ ಮುಖದಲ್ಲಿ ಮಾತ್ರ ಹೂಂ ಇಲ್ಲ, ಉಹೂಂ ಇಲ್ಲ. ಕೂತಲ್ಲಿ ಕೂರಲಾಗದೆ ಭುವನಾ ಅವರೆಕಾಯಿ ಸುಲಿದಳು. ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಕಾಳನ್ನು ಹೊರಗೆ ಎಸೆಯುತ್ತಿದ್ದೇನೆಂಬುದು ಆಕೆಗೆ ಎಷ್ಟೋ ಹೊತ್ತಿನ ಮೇಲೆ ತಿಳಿಯಿತು.

ಆಲ್ಬಂ ಪೂರ್ತಿ ಮುಗಿದ ಮೇಲೆ ಅಜ್ಜಾರು ಕಣ್ಣು ತೆರೆದರು.

“ಹಾಡು ಛಲೋ ಅದಾವ. ಈಕಿ ಯಾರು?”

“ನಾನರೀ ಅಜ್ಜಾರ.”

“ನೀ ಅಲ್ಲ ಬಿಡು. ಈಕಿ ಉಸಿರು ಎಲ್ಲಿ ತಗೋತಾಳ?”

ಭುವನಾಳ ಮುಖ ಕೆಂಪಾಯಿತು. ಆ ಒಂದು ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಅಜ್ಜಾರಿಗೂ ಹೇಳುವವಳಿರಲಿಲ್ಲ. ಈಗ ಹೇಳಿದಳು.

ಸ್ಟುಡಿಯೋದಲ್ಲಿ ಮೊದಲ ಸಲ ಹೆಡ್‌ಫೋನು ಹಾಕಿಕೊಂಡು ತನ್ನ ಹಾಡು ಕೇಳಿದಾಗ ಆಕೆಗೆ ಹಾಡು ಕೇಳಲೇ ಇಲ್ಲ. ಪ್ರತಿ ಸಾಲಿನ ಮುಂದೆ ಹಾ ಎಂದು ಎಳೆದುಕೊಳ್ಳುವ ಉಸಿರು ಕೇಳಿತು. ಎಮ್ಮೆ ಕೆರೆಗೆ ಬಾಯಿ ಹಾಕಿದ ಹಾಗಿತ್ತು. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇದನ್ನು ತೆಗಿ ಎಂದಳು. ರೆಕಾರ್ಡಿಂಗ್ ನೋಡಿಕೊಳ್ಳುವ ಫರ್ಹಾನ್, ಇರಲಿ ಬಿಡು, ಎಲ್ಲರೂ ಉಸಿರಾಡ್ತಾರೆ ಎಂದ. ಆಕೆ ಕೇಳಲಿಲ್ಲ. ಅವನ ಪಕ್ಕ ಕೂತು, ಅಕ್ಕಿಯೊಳಗಿನ ಕಲ್ಲು ಆರಿಸಿದ ಹಾಗೆ ಒಂದೂ ಬಿಡದೆ ತೆಗೆಸಿದಳು. ತೆಗೆದ ಜಾಗ ಖಾಲಿ ಉಳಿಯಿತು. ಅದನ್ನೂ ಮುಚ್ಚಿಸಿ ಸಾಲಿಗೆ ಸಾಲು ಅಂಟಿಸಿದಳು.

ಹಾಡು ಕನ್ನಡಿಯಂತೆ ನುಣುಪಾಯಿತು. ಆಮೇಲೆ ಅದರ ಜೊತೆ ಹಾಡಲು ನಿಂತರೆ ಉಸಿರಿಗೆ ಜಾಗವೇ ಇಲ್ಲ. ಆಗಿನಿಂದ ಆಕೆ ಮೂಗಿನಲ್ಲೇ, ಸದ್ದಾಗದಂತೆ, ಮಾತಿನ ಸಂದಿಯಲ್ಲಿ ಚೂರುಚೂರು ಗಾಳಿ ಕದಿಯುವುದನ್ನು ಅಭ್ಯಾಸ ಮಾಡಿದ್ದಳು. ಕದ್ದ ಗಾಳಿ ಎಷ್ಟು ದೂರ ಬಂದೀತು? ಎರಡನೇ ಚರಣದ ತನಕ.

“ಅದಕ್ಕ ಉಸಿರು ಕಟ್ಟೂದು ಕಲಿಬೇಕ್ರಿ,” ಎಂದಳು ಮತ್ತೆ.

ಅಜ್ಜಾರು ಬೈಯಲಿಲ್ಲ, ನಗಲೂ ಇಲ್ಲ. ಸಂಜೆಯ ಭಜನೆಯಲ್ಲಿ ಕಲಿಯುವಿಯಂತೆ ಎಂದರು. ನಡುವೆ ನೀನೇ ಕೂಡಬೇಕು, ಈಗ ಕೇಳಿಸಿದ ಹಾಡುಗಳಲ್ಲಿ ಮೊದಲಿನದನ್ನೇ ಹೇಳಬೇಕು ಎಂದೂ ಹೇಳಿದರು.

ಭುವನಾಗೆ ಜೀವ ಬಾಯಿಗೆ ಬಂತು. ಭಜನೆಯಲ್ಲಿ ರಾಕ್ ಹಾಡೇ, ಮಂದಿ ಏನಂದಾರು, ನನ್ನಿಂದ ಆಗೂದಿಲ್ಲ ಎಂದು ಏನೇನೋ ಹೇಳಿದಳು. ಅಜ್ಜಾರು ಆಗಲೇ ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿದ್ದರು.

ಆ ಮಧ್ಯಾಹ್ನ ಆಕೆ ಹೊಳೆಯ ಮೆಟ್ಟಿಲ ಮೇಲೆ ಕೂತಳು. ಆಶ್ರಮದಲ್ಲಿ ಅಡುಗೆ ಮಾಡುವ ಅಂಬಿಗರ ಹನುಮವ್ವ ರೊಟ್ಟಿ ತಂದು ಕೊಟ್ಟಳು. ರೊಟ್ಟಿಯನ್ನು ಚೂರುಚೂರು ಮುರಿದು ಮೀನಿಗೆ ಹಾಕಿದಳು. ಬಾಯೊಳಗೇ ಹಾಡಿನ ಮೊದಲ ಸಾಲು ಹೇಳಿಕೊಂಡಳು. ಮೂಗಿನಲ್ಲಿ ಗಾಳಿ ಕದ್ದಳು. ಸದ್ದಾಗಲಿಲ್ಲ. ಎರಡನೇ ಸಾಲಿಗೇ ಎದೆ ಡವಗುಟ್ಟಿತು. ಫೋನು ತೆಗೆದು ಜಯಕರನಿಗೆ ‘ಹೂಂ’ ಎಂದು ಬರೆದಳು. ಕಳಿಸಲಿಲ್ಲ, ಅಳಿಸಲೂ ಇಲ್ಲ. ಹಾಗೇ ಹಿಡಿದುಕೊಂಡು ಕೂತಳು.

ಹೊತ್ತು ಇಳಿಯುವಾಗ ಮಂದಿ ಬರತೊಡಗಿದರು. ಹೊಲದಿಂದ ಬಂದವರು, ಹರಿಗೋಲು ದಂಡೆಗೆ ಕಟ್ಟಿ ಬಂದವರು, ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದ ಹೆಂಗಸರು. ಹಜಾರ ತುಂಬಿತು. ಅಜ್ಜಾರು ತಂಬೂರಿ ತೆಗೆದುಕೊಂಡು ಒಂದು ಮೂಲೆಗೆ ಕೂತರು. ಭುವನಾಳನ್ನು ನಡುವೆ ಕೂರಿಸಿದರು. ಬಡಿಗೇರ ಮೌನೇಶಪ್ಪ ದಪ್ಪು ಹಿಡಿದು, ಹಾಡಿನ ನಡೆ ಹೆಂಗೈತಿ ಎಂದು ಆಕೆಯನ್ನು ಕೇಳಿದ. ಆಕೆ ಬೆರಳಿನಿಂದ ತೊಡೆಯ ಮೇಲೆ ತಟ್ಟಿ ತೋರಿಸಿದಳು. ಓ, ಇಷ್ಟ ಹೌದಿಲ್ಲೋ ಎಂದು ಅವನು ಹಿಡಿದೇಬಿಟ್ಟ.

ಆ ಆಶ್ರಮದ ಭಜನೆಗೆ ಒಂದು ಕಟ್ಟಳೆ ಇದೆ. ಸಣ್ಣವಳಿದ್ದಾಗ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳಿಗೆ ಅದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹನುಮವ್ವ ಹೇಳಿದಳು. ನಡುವೆ ಕೂತವರು ಒಂದು ಸಾಲು ಹೇಳಬೇಕು, ಸುತ್ತಲಿನ ಹಿಮ್ಮೇಳ ಅದನ್ನು ತಿರುಗಿ ಹೇಳಬೇಕು. ಇದು ಎಲ್ಲ ಕಡೆ ಇರುವುದೇ. ಆದರೆ ಇಲ್ಲಿ ಎಲ್ಲರೂ ಕಣ್ಣು ಮುಚ್ಚಿರಬೇಕು. ಕೈಸನ್ನೆ ಇಲ್ಲ, ತಲೆ ಆಡಿಸುವುದಿಲ್ಲ.

“ಮತ್ತ ನಿಮಗ ಹೆಂಗ ಗೊತ್ತಾಗತೈತಿ?” ಎಂದು ಕೇಳಿದಳು ಭುವನಾ.

“ನೀ ಉಸಿರು ತಗೊಂಡದ್ದು ಕೇಳಿದ ಕೂಡ್ಲೆ ನಾವು ಎತ್ತತೀವಿ,” ಎಂದಳು ಹನುಮವ್ವ. “ಕೇಳದಿದ್ರ ಸಾಲು ಇನ್ನೂ ಮುಗದಿಲ್ಲ ಅಂತ ಸುಮ್ಮನ ಇರತೀವಿ.”

ಭುವನಾಗೆ ಎದ್ದು ಓಡಿಬಿಡಬೇಕು ಅನಿಸಿತು. ಯಾರ ಕಿವಿಗೂ ಬೀಳಬಾರದೆಂದು ಆಕೆ ಕಂಪ್ಯೂಟರಿನಿಂದ ಅಳಿಸಿಹಾಕಿದ್ದು ಯಾವುದೋ, ಹಜಾರ ತುಂಬ ಮಂದಿ ಅದನ್ನೇ ಕೇಳಲು ಕಿವಿ ನಿಮಿರಿಸಿ ಕೂತಿದ್ದರು.

ತಂಬೂರಿ ಮಿಡಿಯಿತು. ಎಲ್ಲರೂ ಕಣ್ಣು ಮುಚ್ಚಿದರು. ಆಕೆಯೂ ಮುಚ್ಚಿದಳು.

ಮೊದಲ ಸಾಲು ಹೇಳಿದಳು.

ಮೂರನೇ ಮಹಡಿಗೆ ಮೆಟ್ಟಿಲೇ ಇಲ್ಲ, ಏರಿ ಬಂದವಳು ನಾನೊಬ್ಬಳೇ.

ದನಿ ನಡುಗಿತು. ಹಾಳಾಗಲಿ, ನಡುಗಲಿ, ಉಸಿರು ಮಾತ್ರ ಕೇಳಿಸಬಾರದು. ಅಭ್ಯಾಸ ಮಾಡಿದ ಹಾಗೆ ಮೂಗಿನಲ್ಲಿ ಒಂದು ಚೂರು ಗಾಳಿ ಕದ್ದಳು. ಸದ್ದಾಗಲಿಲ್ಲ.

ಹಿಮ್ಮೇಳ ಎತ್ತಲಿಲ್ಲ.

ದಪ್ಪು ನಡೆಯುತ್ತಲೇ ಇತ್ತು. ಆಕೆ ಎರಡನೇ ಸಾಲು ಹೇಳಿದಳು. ಮತ್ತೆ ಚೂರು ಗಾಳಿ. ಹಿಮ್ಮೇಳ ಸುಮ್ಮನಿತ್ತು. ಮೂರನೇ ಸಾಲು. ಸುಮ್ಮನೆ. ಅಷ್ಟು ಮಂದಿ ಕೂತಿದ್ದಾರೆ, ಒಬ್ಬರದೂ ದನಿ ಇಲ್ಲ.

ಭುವನಾಗೆ ಗೊತ್ತಿತ್ತು, ಕಟ್ಟಳೆ ಹೇಳಿದ್ದರು. ಆದರೂ ಹೆದರಿದ ಮನಸ್ಸು ಕಟ್ಟಳೆ ಕೇಳುತ್ತದೆಯೇ? ಇವರಿಗೆ ಹಾಡು ಹಿಡಿಸಿಲ್ಲ ಎಂದಿತು. ನಿನ್ನನ್ನು ನೋಡಿ ನಗುತ್ತಿದ್ದಾರೆ, ಬೇಕಾದರೆ ಕಣ್ಣು ತೆರೆದು ನೋಡು ಎಂದಿತು. ಆಕೆ ಕಣ್ಣು ತೆರೆಯಲಿಲ್ಲ. ಬಯಲು ಕಂಡಿತು, ದೀಪಗಳು ಕಂಡವು, ಸಾವಿರಾರು ಮಂದಿ ಬಾಯಿ ಮುಚ್ಚಿಕೊಂಡು ತನ್ನನ್ನೇ ನೋಡುತ್ತಿರುವುದು ಕಂಡಿತು.

ಚರಣ ಶುರುವಾಯಿತು. ಎದೆ ಉರಿಯತೊಡಗಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಬೆರಳ ತುದಿ ಜೋಮು ಹಿಡಿಯಿತು. ಕದಿಯಲು ಮೂಗಿಗೂ ಗಾಳಿ ಸಿಗಲಿಲ್ಲ. ಇನ್ನೊಂದು ಮಾತು, ಇನ್ನೊಂದೇ ಮಾತು ಎಂದು ಎಳೆದಳು. ಈಗ ಬೀಳುತ್ತೇನೆ, ಈ ಮಂದಿಯ ನಡುವೆಯೇ ಬೀಳುತ್ತೇನೆ ಅನಿಸಿತು. ಅವ್ವಾ, ನಾ ಸತ್ತೆ ಅನಿಸಿತು.

ದನಿ ತುಂಡಾಯಿತು.

ಆಗ ಆಕೆ ಬೇಡ ಬೇಡವೆಂದರೂ ಬಾಯಿ ತಾನೇ ತೆರೆದು, ನೀರಿನಲ್ಲಿ ಮುಳುಗಿ ಎದ್ದವರ ಹಾಗೆ, ಹಾ ಎಂದು ಉಸಿರೆಳೆದುಕೊಂಡಿತು. ಹಜಾರದ ಆ ಕಡೆಯ ಗೋಡೆಗೂ ಕೇಳುವಷ್ಟು ದೊಡ್ಡದಾಗಿ, ಅಷ್ಟೇ ಅಸಹ್ಯವಾಗಿ.

ಹಿಮ್ಮೇಳ ಒಂದೇ ದನಿಯಲ್ಲಿ, ಬಾಕಿ ಉಳಿದಿದ್ದ ಮೊದಲ ಸಾಲಿನಿಂದಲೇ ಎತ್ತಿತು.

ಮೂರನೇ ಮಹಡಿಗೆ ಮೆಟ್ಟಿಲೇ ಇಲ್ಲ, ಏರಿ ಬಂದವಳು ನಾನೊಬ್ಬಳೇ.

ಅಷ್ಟು ಹೊತ್ತು ತಡೆದುಕೊಂಡು ಕೂತವರು. ಗಂಡಸರು, ಹೆಂಗಸರು, ಹಲ್ಲಿಲ್ಲದ ಮುದುಕರು, ಎಲ್ಲರೂ ಸೇರಿ ‘ನಾನೊಬ್ಬಳೇ’ ಎಂದರು. ಹನುಮವ್ವನ ದನಿ ಎಲ್ಲಕ್ಕಿಂತ ಮೇಲೆ. ಮೌನೇಶಪ್ಪ ದಪ್ಪಿಗೆ ಎರಡು ಪೆಟ್ಟು ಹೆಚ್ಚೇ ಕೊಟ್ಟ. ಭುವನಾ ಬೆಚ್ಚಿಬಿದ್ದಳು. ಹೆದರಿಕೆಯ ನಡುವೆಯೇ ನಗು ಬಂತು, ನಗುವಿನ ಜೊತೆಗೇ ಕಣ್ಣಲ್ಲಿ ನೀರು ಬಂತು.

ಮರುಕ್ಷಣ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅವರು ಹಾಡುತ್ತಿರುವಷ್ಟು ಹೊತ್ತು ಆಕೆ ಹಾಡಬೇಕಾಗಿರಲಿಲ್ಲ. ಸುಮ್ಮನೆ ಕೂತು ಗಾಳಿ ತುಂಬಿಕೊಳ್ಳಬಹುದಿತ್ತು. ತುಂಬಿಕೊಂಡಳು. ಎದೆಯ ಉರಿ ಆರಿತು. ಬೆರಳಿಗೆ ಜೀವ ಬಂತು.

ಮುಂದಿನ ಸಾಲು ಹೇಳಿ ಮುಗಿಸಿ, ಉಸಿರೆಳೆದುಕೊಂಡಳು. ಈ ಸಲ ಬೇಕೆಂದೇ ಎಳೆದುಕೊಂಡಳು. ನಾಚಿಕೆಯಾಯಿತು, ಆದರೂ ಎಳೆದುಕೊಂಡಳು. ಹಿಮ್ಮೇಳ ಎತ್ತಿತು. ಮತ್ತೊಂದು ಸಾಲು. ಮತ್ತೆ ಉಸಿರು. ಮತ್ತೆ ಹಿಮ್ಮೇಳ. ಎರಡನೇ ಚರಣ ಬಂದದ್ದೂ ಹೋದದ್ದೂ ಆಕೆಗೆ ತಿಳಿಯಲಿಲ್ಲ. ಹಾಡು ಮುಗಿದ ಮೇಲೂ ಹಿಂದಿನ ಸಾಲಿನ ಹೆಂಗಸರು ಬಿಡಲಿಲ್ಲ, ಇನ್ನೊಂದು ಸುತ್ತು ಎಳೆದರು.

ಮಂಗಳ ಆಯಿತು. ಮಂದಿ ಎದ್ದು ಒಬ್ಬೊಬ್ಬರೇ ಹೊರಟರು. ಹಾಡು ಪಸಂದಾಗಿತ್ತು ಎಂದು ಯಾರೂ ಹೇಳಲಿಲ್ಲ. ಮೌನೇಶಪ್ಪ ಮಾತ್ರ ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಲ್ಲವ್ವಾ, ಮೂರನೇ ಮಹಡಿಗೆ ಮೆಟ್ಟಿಲಾ ಇಲ್ಲಂದ್ರ ಅದನ್ನ ಕಟ್ಟಿದಾಂವ ಎಂಥಾ ಮೇಸ್ತ್ರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಹಜಾರದಲ್ಲಿ ಗುರು, ಶಿಷ್ಯೆ ಇಬ್ಬರೇ ಉಳಿದರು. ಅಜ್ಜಾರು ಚಾಪೆ ಸುತ್ತುತ್ತಿದ್ದರು. ಭುವನಾ ಇನ್ನೊಂದು ತುದಿ ಹಿಡಿದಳು.

“ಅಜ್ಜಾರ, ಹೆದರಿಕಿ ಹೋಗಿಲ್ರಿ.”

“ಹೋಗೂದಿಲ್ಲ,” ಎಂದರು ಅಜ್ಜಾರು.

ಇನ್ನೇನಾದರೂ ಹೇಳುತ್ತಾರೆಂದು ಕಾದಳು. ಅವರು ಚಾಪೆಯನ್ನು ಗೋಡೆಗೆ ಒರಗಿಸಿ ಮುಂದಿನದಕ್ಕೆ ಕೈ ಹಾಕಿದರು.

ಫೋನು ರಿಂಗಾಯಿತು. ಜಯಕರ್. ಬೆಳಗಿನ ತನಕ ಕಾಯುವ ತಾಳ್ಮೆ ಅವನಿಗೂ ಇರಲಿಲ್ಲವೇನೋ. ಭುವನಾ ನಾಲ್ಕಾರು ಸಲ ರಿಂಗಾಗಲು ಬಿಟ್ಟು, ಎತ್ತಿದಳು. ತುಟಿ ಆಡಿಸುವುದಿಲ್ಲ, ನಾನೇ ಹಾಡುತ್ತೇನೆ ಎಂದಳು. ಹೇಳುವಾಗ ದನಿ ನಡುಗುತ್ತಿತ್ತು, ಅದನ್ನು ಮುಚ್ಚಲಿಲ್ಲ. ಇನ್ನೂ ಒಂದು ಮಾತು ಹೇಳಿದಳು. ಆಲ್ಬಮ್ಮನ್ನು ನಾಳೆ ಅವರ ಕೈಗೆ ಕೊಡಬೇಡಿ, ಫರ್ಹಾನ್‌ಗೆ ಹೇಳಿ, ನಾನು ಕಿತ್ತು ಹಾಕಿಸಿದ ಉಸಿರನ್ನೆಲ್ಲ ಇದ್ದ ಜಾಗಕ್ಕೆ ವಾಪಸು ಇಡಲಿ ಎಂದಳು.

ಆ ಕಡೆಯಿಂದ ಜಯಕರ್ ಮೆಲ್ಲಗೆ, ಬೈಯದೆಯೇ ಕೇಳಿದ. ಅಷ್ಟು ದೊಡ್ಡ ಸ್ಪೀಕರು, ಅಷ್ಟು ಜನ, ಅಲ್ಲಿ ನಿಂತು ನಿನಗೆ ಏದುಸಿರು ಬಂದರೆ ಏನು ಮಾಡ್ತೀಯ ಭುವನಾ? ಎಲ್ಲರಿಗೂ ಕೇಳಿಸುತ್ತೆ.

ಆಕೆಯ ಹೆದರಿಕೆಯೂ ಅದೇ ಆಗಿತ್ತಲ್ಲ. ಫೋನಿಗೆ ಅಂಗೈ ಅಡ್ಡ ಹಿಡಿದು ಗುರುವಿನ ಕಡೆ ತಿರುಗಿದಳು.

“ಅಷ್ಟು ಮಂದಿ ಮುಂದ ಏದುಸಿರು ಬಂದ್ರ ಏನ್ಮಾಡ್ತಿ ಅಂತ ಕೇಳಾಕತ್ತಾರ್ರಿ ಅಜ್ಜಾರ.”

ಅಜ್ಜಾರು ಕೊನೆಯ ಚಾಪೆಯನ್ನು ಕೊಡವಿದರು.

“ಬರ್ಲಿ ಅನ್ನು. ಅದು ಕೇಳದಿದ್ರ ಅಷ್ಟು ಮಂದಿ ಎಲ್ಲಿಂದ ಎತ್ತಬೇಕು?”